ಡಿಕಾಕ್ಷನ್ ಇಳಿಯುತ್ತಿಲ್ಲವೇ? ಮೊದಲು ಫಿಲ್ಟರ್ ತೊಳೆಯಿರಿ

ಪ್ರಶ್ನೆ: ರಾತ್ರಿ ಹಾಕಿಟ್ಟ ಡಿಕಾಕ್ಷನ್ ಬೆಳಿಗ್ಗೆಯಾದರೂ ಇಳಿದಿರುವುದಿಲ್ಲ, ನೀರು ಮೇಲೇ ನಿಂತಿರುತ್ತದೆ. ಪುಡಿ ಬದಲಿಸಲೇ, ಫಿಲ್ಟರ್ ಬದಲಿಸಲೇ?

ಎರಡೂ ಬೇಡ. ಫಿಲ್ಟರ್ ತೊಳೆಯಿರಿ. ಮೈಸೂರಿನಲ್ಲಿ ನನ್ನನ್ನು ಈ ಪ್ರಶ್ನೆ ಕೇಳದ ಮನೆಯೇ ಇಲ್ಲವೇನೋ. ಉತ್ತರ ಹೇಳಿದ ಕೂಡಲೇ ಬರುವ ಮಾತೂ ಒಂದೇ: "ದಿನಾ ನೀರಲ್ಲಿ ಜಾಲಿಸಿ ಇಡ್ತೀವಲ್ಲ!" ಸೋಪು? "ಅಯ್ಯೋ, ಸೋಪು ಹಾಕಿದರೆ ಪಳಗಿದ ಫಿಲ್ಟರ್ ಕೆಟ್ಟುಹೋಗುತ್ತೆ. ಆ ಜಿಡ್ಡಲ್ಲೇ ಅಲ್ವೇ ರುಚಿ ಇರೋದು?"

ಇಲ್ಲ. ಜಿಡ್ಡಿನಲ್ಲಿ ರುಚಿ ಇಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಲುಗುವುದಿಲ್ಲ, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ.

ಅರೇಬಿಕಾ ಬೀಜದಲ್ಲಿ ಸುಮಾರು ಶೇ. 15ರಷ್ಟು ಎಣ್ಣೆಯಂಶವಿರುತ್ತದೆ, ರೋಬಸ್ಟಾದಲ್ಲಿ ಅದಕ್ಕಿಂತ ಕಡಿಮೆ. ಡಿಕಾಕ್ಷನ್ ಇಳಿಯುವಾಗ ಇದರಲ್ಲಿ ಒಂದಿಷ್ಟು ಲೋಹಕ್ಕೆ ಮೆತ್ತಿಕೊಳ್ಳುತ್ತದೆ. ತಣ್ಣೀರಿಗೆ ಅದು ಬಿಡುವುದಿಲ್ಲ. ತಣ್ಣೀರಲ್ಲಿ ತುಪ್ಪದ ಬಟ್ಟಲು ತೊಳೆದವರಿಗೆ ಗೊತ್ತು. ಉಳಿದ ಎಣ್ಣೆಗೆ ಗಾಳಿ ತಾಗಿ ಕಮಟು ಹಿಡಿಯುತ್ತದೆ. ಹಳೆಯ ಕೊಬ್ಬರಿ ಕಮಟು ಹಿಡಿದರೆ ಎಸೆಯುವವರು ಫಿಲ್ಟರಿನಲ್ಲಿ ಅದನ್ನೇ ಜೋಪಾನ ಮಾಡುವುದೇಕೆ?

ದೋಸೆ ಕಾವಲಿಯಿಂದ ಈ ನಂಬಿಕೆ ಬಂದಿರಬೇಕು ಎಂದು ನನಗನ್ನಿಸುತ್ತದೆ. ಕಬ್ಬಿಣದ ಕಾವಲಿ ಪಳಗುವುದು ನಿಜ. ಆದರೆ ಅಲ್ಲಿ ಎಣ್ಣೆ ಉರಿಯ ಮೇಲೆ ಚೆನ್ನಾಗಿ ಕಾದು, ಗಟ್ಟಿ ಪದರವಾಗಿ ಕಬ್ಬಿಣಕ್ಕೆ ಅಂಟುತ್ತದೆ. ಫಿಲ್ಟರಿಗೆ ಬೀಳುವುದು ಕುದಿನೀರಿನ ಬಿಸಿ, ಅಬ್ಬಬ್ಬಾ ಎಂದರೆ 100 ಡಿಗ್ರಿ. ಅಷ್ಟು ಶಾಖಕ್ಕೆ ಎಣ್ಣೆ ಪದರವಾಗುವುದಿಲ್ಲ, ಹಳಸುತ್ತದೆ. ನನ್ನ ಮಾತು ಬೇಡವಾದರೆ ಪರೀಕ್ಷೆ ಮಾಡಿ: ಪುಡಿ ಹಾಕದೆ, ನಿಮ್ಮ ಪಳಗಿದ ಫಿಲ್ಟರಿಗೆ ಬರೀ ಕುದಿನೀರು ಸುರಿದು ಮುಚ್ಚಿಡಿ. ಆರಿದ ಮೇಲೆ ಕೆಳಗಿಳಿದ ನೀರನ್ನು ಒಂದು ಗುಟುಕು ಕುಡಿಯಿರಿ. ದಿನಾ ನಿಮ್ಮ ಕಾಫಿಗೆ ಸೇರುತ್ತಿರುವುದು ಅದೇ.

ಇಳಿಯದಿರುವುದಕ್ಕೂ ಈ ಜಿಡ್ಡೇ ಕಾರಣ. ನುಣ್ಣನೆ ಪುಡಿ ಅದಕ್ಕೆ ಅಂಟಿ ತೂತು ಕಟ್ಟುತ್ತದೆ. ಚಿಕೋರಿ ಹೆಚ್ಚಿದ್ದರೆ ಅಂಟೂ ಹೆಚ್ಚು. ಕಾನೂನು ಶೇ. 49ರವರೆಗೆ ಚಿಕೋರಿಗೆ ಅವಕಾಶ ಕೊಡುತ್ತದೆ, ಪೊಟ್ಟಣದ ಮೇಲೆ ನೋಡಿಕೊಳ್ಳಿ.

ತೊಳೆಯುವ ಕ್ರಮ ಕಷ್ಟದ್ದಲ್ಲ. ಗಸಿ ಒಣಗುವ ಮುಂಚೆ ಗಿಡದ ಬುಡಕ್ಕೆ ಕೊಡವಿ. ಸಿಂಕಿಗೆ ಹಾಕಿ ಪೈಪು ಕಟ್ಟಿಸಿಕೊಳ್ಳಬೇಡಿ. ಬಿಸಿನೀರು, ಒಂದು ಹನಿ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಉಜ್ಜುವುದು ಮಾತ್ರ ಕೆಳಗಿನಿಂದ, ಸಿಕ್ಕಿಕೊಂಡ ಪುಡಿ ಬಂದ ದಾರಿಯಲ್ಲೇ ಹೊರಗೆ ಬರಲಿ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಲ್ಲ ತೂತುಗಳಲ್ಲೂ ಬೆಳಕು ಕಾಣಬೇಕು. ವಾರಕ್ಕೊಮ್ಮೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ.

ಕಾವೇರಿ ನೀರು ಬರುವ ಮನೆಗಳಿಗೆ ಇಷ್ಟು ಸಾಕು. ಬೋರ್‌ವೆಲ್ ನೀರಿನವರಿಗೆ, ಮಂಡ್ಯ ಕಡೆಯ ಹಳ್ಳಿಗಳಾಗಲಿ ಹೊಸ ಬಡಾವಣೆಗಳಾಗಲಿ, ಬಿಳಿ ಸುಣ್ಣದ ಕಾಟವೂ ಇರುತ್ತದೆ. ಅದಕ್ಕೆ ನಿಂಬೆರಸ. ಸೋಡಾ, ನಿಂಬೆ ಎರಡನ್ನೂ ಒಟ್ಟಿಗೆ ಸುರಿಯಬೇಡಿ. ಬುಸ್ಸೆಂದು ನೊರೆ ಬಂದದ್ದೇ ಬಂತು, ಒಂದರ ಶಕ್ತಿಯನ್ನು ಇನ್ನೊಂದು ತಿಂದುಬಿಡುತ್ತದೆ. ಕರೆಂಟಿನ ಕಾಫಿ ಮೇಕರ್ ಇದ್ದವರೂ ಸುಣ್ಣಕ್ಕೆ ನಿಂಬೆಹುಳಿಯ ನೀರನ್ನೇ ಒಮ್ಮೆ ಓಡಿಸಿ, ಆಮೇಲೆ ಎರಡು ಸಲ ಬರೀ ನೀರು ಓಡಿಸಲಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ತೂತು ಬಿಡಿಸಲು ಫಿಲ್ಟರನ್ನು ಗ್ಯಾಸಿನ ಉರಿಗೆ ಹಿಡಿಯುವ ಅಭ್ಯಾಸ ನಮ್ಮಲ್ಲಿದೆ. ಸ್ಟೀಲಿನದಾದರೆ ಬಣ್ಣ ಕೆಡುತ್ತದೆ, ತೆಳು ತಳ ಸೊಟ್ಟಗಾಗುತ್ತದೆ. ಅಜ್ಜಿಯ ಕಾಲದ ಹಿತ್ತಾಳೆ ಫಿಲ್ಟರನ್ನಂತೂ ದಯವಿಟ್ಟು ಹಿಡಿಯಬೇಡಿ. ಒಳಗಿನ ಕಲಾಯಿ ಎಂದರೆ ತವರ, 232 ಡಿಗ್ರಿಗೆ ಕರಗುತ್ತದೆ. ಗ್ಯಾಸಿನ ಉರಿ ಅದರ ಎಷ್ಟೋ ಪಟ್ಟು. ಒಳಗೆ ಹುಣಸೆಹಣ್ಣು, ಕಬ್ಬಿಣದ ನಾರೂ ಬೇಡ; ಹುಣಸೆಹಣ್ಣು ಹೊರಮೈಗೆ ಮಾತ್ರ. ಡಿಕಾಕ್ಷನ್‌ಗೆ ಸ್ವಲ್ಪ ಹುಳಿಗುಣವಿದೆ, ಬರೀ ಹಿತ್ತಾಳೆಗೆ ತಾಗಿದರೆ ಲೋಹದ ಒಗರು ಇಳಿಯುತ್ತದೆ. ಒಳಗೆ ಎಲ್ಲಾದರೂ ಹಳದಿ ಇಣುಕಿದರೆ ಕಲಾಯಿ ಹಾಕಿಸಿ, ಅಲ್ಲಿಯವರೆಗೆ ಸ್ಟೀಲಿನದರಲ್ಲೇ ಇಳಿಸಿಕೊಳ್ಳಿ.