8 ಯಾಕೆ ಮೊದಲು ಬಂತು?

ಯಾವುದೋ ಎಐ ಮಾಡೆಲ್ ಕೋಡಿಂಗ್ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ತೆಗೆಯಿತು ಅಂದ ಕೂಡಲೇ, ಪ್ರೋಗ್ರಾಮರ್‌ಗಳ ಕಥೆ ಮುಗಿಯಿತು ಅಂತ ಮಾತು ಶುರುವಾಗುತ್ತದೆ. ಪ್ರಶ್ನೆಪತ್ರಿಕೆ ಎಂಥದ್ದು, ತಿದ್ದಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನನಗೆ ಬೇಸರ ಆಗುವುದೇ ಅಲ್ಲಿ.

ಹ್ಯೂಮನ್‌ಇವ್ಯಾಲ್ ಎಂಬ ಪರೀಕ್ಷೆ ತೆಗೆದುಕೊಳ್ಳಿ. 2021ರಲ್ಲಿ ಓಪನ್‌ಎಐ ಹೊರತಂದದ್ದು. ಪೈಥಾನ್ ಎಂಬ ಕೋಡಿಂಗ್ ಭಾಷೆಯಲ್ಲಿ 164 ಪುಟ್ಟ ಪ್ರಶ್ನೆಗಳು. ಕೋಡ್ ಮಾದರಿ ಉತ್ತರದ ಹಾಗೆ ಕಾಣುತ್ತದಾ ಅಂತ ಇಲ್ಲಿ ನೋಡುವುದಿಲ್ಲ. ಓಡಿಸಿ ನೋಡುತ್ತಾರೆ: ಇಂಥದ್ದು ಕೊಟ್ಟರೆ ಇಂಥ ಉತ್ತರ ಬರುತ್ತದಾ ಅಂತ. ಅಂಥ ಒಂದೊಂದು ತಪಾಸಣೆಯೇ ಒಂದು 'ಟೆಸ್ಟ್'. ಅದೇ ಸರಿ. ಒಂದು ಚಿಹ್ನೆ ತಪ್ಪಿದರೂ ಇಡೀ ಕೋಡ್ ಕೆಡುತ್ತದೆ, ಅಲ್ವಾ? ಆದರೆ ಪ್ರತಿ ಪ್ರಶ್ನೆಗೆ ಇದ್ದ ಟೆಸ್ಟ್‌ಗಳು ಸರಾಸರಿ 7.7 ಮಾತ್ರ.

2023ರಲ್ಲಿ ಇವ್ಯಾಲ್‌ಪ್ಲಸ್ ತಂಡ ಅದೇ ಪ್ರಶ್ನೆಗಳಿಗೆ ಟೆಸ್ಟ್‌ಗಳನ್ನು 80 ಪಟ್ಟು ಹೆಚ್ಚಿಸಿತು. ಅಂಕಗಳು ಇಳಿದವು. ಅವರು ತೋರಿಸಿದ ಒಂದು ತಪ್ಪು ನನಗೆ ತುಂಬಾ ಇಷ್ಟ. ಎರಡು ಪಟ್ಟಿಗಳಲ್ಲೂ ಇರುವ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಕೊಡಬೇಕು. ಚಾಟ್‌ಜಿಪಿಟಿ ಚೆನ್ನಾಗಿಯೇ ಜೋಡಿಸಿತು. ಆಮೇಲೆ ಸುಮ್ನೆ ಅವನ್ನೆಲ್ಲ ಇನ್ನೊಮ್ಮೆ 'ಸೆಟ್' ಒಳಗೆ ಹಾಕಿ ತೆಗೆಯಿತು.

ಸೆಟ್ ಅಂದರೆ ಸಂಖ್ಯೆಗಳನ್ನು ಗುಂಪಾಗಿ ಇಡುವ ಜಾಗ, ಕ್ರಮದ ಖಾತ್ರಿ ಇಲ್ಲ. ಚೆನ್ನೆಮಣೆ ಅಂದುಕೊಳ್ಳಿ. ಚಿಕ್ಕ ಸೆಟ್‌ಗೆ 8 ಗುಳಿಗಳು, 0ಯಿಂದ 7ರವರೆಗೆ. 2 ಹೋಗಿ 2ರ ಗುಳಿಗೆ, 3 ಹೋಗಿ 3ರ ಗುಳಿಗೆ ಬೀಳುತ್ತದೆ. ಸಾಲಾಗಿ ತೆಗೆದರೆ 2, 3. ಜೋಡಿಸಿದ ಹಾಗೇ ಕಾಣುತ್ತದೆ! ಹಳೇ ಟೆಸ್ಟ್ ಇಂಥ ಸಂಖ್ಯೆಗಳನ್ನೇ ಕೊಟ್ಟಿತ್ತು, ಪಾಸ್. ಆದರೆ 8 ಬಂದರೆ? ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಮತ್ತೆ ಒಂದು ಬರುವ ಹಾಗೆ, ಏಳಾದ ಮೇಲೆ ಇಲ್ಲಿ ಮತ್ತೆ ಸೊನ್ನೆ. 8 ಹೋಗಿ ಸೊನ್ನೆ ಗುಳಿಯಲ್ಲಿ ಕೂರುತ್ತದೆ. ಹೊಸ ಟೆಸ್ಟ್ ಎರಡೂ ಪಟ್ಟಿಗಳಲ್ಲಿ 6, 8, 1 ಕೊಟ್ಟಿತು. ಬಂದ ಉತ್ತರ: 8, 1, 6. ಮಾಡೆಲ್ ಬರೆದ ಕೋಡ್ ಮೊದಲಿನಿಂದಲೂ ತಪ್ಪೇ ಆಗಿತ್ತು. ಗುಳಿಗಳ ದಯೆಯಿಂದ ಪಾಸಾಗಿತ್ತು, ಅಷ್ಟೇ. ಮನುಷ್ಯರು ಬರೆದಿಟ್ಟಿದ್ದ ಕೆಲವು ಮಾದರಿ ಉತ್ತರಗಳಲ್ಲೂ ಅದೇ ತಂಡ ತಪ್ಪು ಹಿಡಿಯಿತು.

ಟೆಸ್ಟ್‌ಗಳಿಂದ ತಪ್ಪು ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸಲಾಗದು ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆಯೇ ಹೇಳಿದ್ದರು. ಆಗ ಅವರ ಕಣ್ಣ ಮುಂದೆ ಇದ್ದದ್ದು ಮನುಷ್ಯರು ಬರೆದ ಕೋಡ್.

2023ರಲ್ಲೇ ಎಸ್‌ಡಬ್ಲ್ಯುಇ-ಬೆಂಚ್ ಎಂಬ ಇನ್ನೊಂದು ಪರೀಕ್ಷೆ ಬಂತು. ಅದರಲ್ಲಿ 12 ಪೈಥಾನ್ ಪ್ರಾಜೆಕ್ಟ್‌ಗಳಿಂದ ಎತ್ತಿದ 2,294 ನಿಜವಾದ ಸಮಸ್ಯೆಗಳಿದ್ದವು. ಸಾವಿರಾರು ಸಾಲು ಕೋಡ್ ಮಧ್ಯೆ ತಪ್ಪು ಎಲ್ಲಿದೆ ಅಂತ ಹುಡುಕಿ ಸರಿಮಾಡಬೇಕು. ಆಗಿನ ಎಐ ಮಾಡೆಲ್ ಕ್ಲಾಡ್ 2 ಬಗೆಹರಿಸಿದ್ದು ನೂರಕ್ಕೆ 2ರಷ್ಟೂ ಇಲ್ಲ, 1.96. ಆದರೆ ಇಲ್ಲಿ ಇನ್ನೊಂದು ತೊಡಕು ಕಂಡಿತು. ಕೆಲವು ಟೆಸ್ಟ್‌ಗಳು ಸರಿಯಾದ ಉತ್ತರವನ್ನೂ ಫೇಲ್ ಮಾಡುತ್ತಿದ್ದವು. 2024ರಲ್ಲಿ 93 ಡೆವಲಪರ್‌ಗಳು 1,699 ಪ್ರಶ್ನೆಗಳನ್ನು ಒಂದೊಂದಾಗಿ ಓದಿ ನೋಡಿದರು. ಕೊನೆಗೆ ಆರಿಸಿಟ್ಟದ್ದು 500.