ಸೊನ್ನೆ ಬಡ್ಡಿಯ ಕಾರ್ಡಿನಲ್ಲಿ ಹಳೇ ಕಾರು ತಗೋಬಹುದಾ?

ಪ್ರಶ್ನೆ: ನನಗೊಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು. ಸಾಲ ತೆಗೆದರೆ ಬಡ್ಡಿ ಕಟ್ಟಬೇಕು. ಈಗ 12 ತಿಂಗಳು ಬಡ್ಡಿಯೇ ಇಲ್ಲದ ಕ್ರೆಡಿಟ್ ಕಾರ್ಡ್ ಸಿಗುತ್ತಿದೆ. ಅದನ್ನು ಉಜ್ಜಿ ಕಾರು ತಂದು, ವರ್ಷದೊಳಗೆ ತೀರಿಸಿಬಿಟ್ಟರೆ ಬಡ್ಡಿ ಉಳಿಯಿತು ಅಲ್ವಾ? ಇದರಲ್ಲಿ ಏನಾದರೂ ಮೋಸ ಇದೆಯಾ?

ಉತ್ತರ: ಬಡ್ಡಿ ಉಳಿಯುತ್ತದೆ, ಇದರಲ್ಲಿ ಮೋಸವೂ ಇಲ್ಲ. ಆದರೆ ಇಡೀ ಲೆಕ್ಕ ನಿಂತಿರುವುದು ಒಂದೇ ಒಂದು ಸಂಖ್ಯೆಯ ಮೇಲೆ. ಆ ಸಂಖ್ಯೆ ನಿಮ್ಮ ಕಾರ್ಡ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಮೊದಲು ಕಾರ್ಡ್ ಯಾವ ಬಗೆಯದ್ದು ಅಂತ ನೋಡಿಕೊಳ್ಳಿ. ಸಾಮಾನ್ಯ ಕಾರ್ಡಿನಲ್ಲೂ ತಿಂಗಳೊಪ್ಪತ್ತು ಬಡ್ಡಿ ಇರುವುದಿಲ್ಲ, ಆದರೆ ಅದು ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ. ನಿಮಗೆ ಬೇಕಿರುವುದು ಖರೀದಿಯ ಮೇಲೆ ಇಷ್ಟು ತಿಂಗಳು ಸೊನ್ನೆ ಬಡ್ಡಿ ಎನ್ನುವ ಕೊಡುಗೆ. ಬೇರೆ ಕಾರ್ಡಿನ ಬಾಕಿಯನ್ನು ವರ್ಗಾಯಿಸಿಕೊಂಡರೆ ಸೊನ್ನೆ ಬಡ್ಡಿ ಎನ್ನುವ ಕೊಡುಗೆಯೂ ಇದೆ. ಅದರಲ್ಲಿ ಹೊಸ ಖರೀದಿಗೆ ಮಾಮೂಲಿ ಬಡ್ಡಿ ಬೀಳಬಹುದು. ಜಾಹೀರಾತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಇನ್ನೊಂದು ವಿಷಯ. ಹೆಚ್ಚಿನ ಕಡೆ ಆ 12 ತಿಂಗಳ ಎಣಿಕೆ ಶುರುವಾಗುವುದು ಖಾತೆ ತೆರೆದ ದಿನದಿಂದ, ಕಾರು ಕೊಂಡ ದಿನದಿಂದಲ್ಲ. ಕಾರ್ಡ್ ಕೈಯಲ್ಲಿಟ್ಟುಕೊಂಡು ಮೂರು ತಿಂಗಳು ಕಾರು ಹುಡುಕಿದರೆ ನಿಮಗೆ ಉಳಿಯುವುದು ಒಂಬತ್ತೇ.

ಈಗ ಆ ಸಂಖ್ಯೆಗೆ ಬರೋಣ. ಯಾವ ದೇಶದ ಹಣವಾದರೂ ಸರಿ, ಕಾರಿನ ಬೆಲೆ 100 ಅಂದುಕೊಳ್ಳಿ. 12 ತಿಂಗಳಲ್ಲಿ ತೀರಬೇಕಾದರೆ ತಿಂಗಳಿಗೆ 8.33 ಕಟ್ಟಬೇಕು. ಬಿಲ್ಲಿನಲ್ಲಿ ಏನಿರುತ್ತದೆ? ಒಟ್ಟು ಬಾಕಿ 100, ಕನಿಷ್ಠ ಪಾವತಿ 5. ಇವೆರಡರ ನಡುವಿನ 8.33 ಅನ್ನು ನೀವೇ ಲೆಕ್ಕ ಹಾಕಿ, ನೀವೇ ನೆನಪಿಟ್ಟುಕೊಳ್ಳಬೇಕು. ಬ್ಯಾಂಕ್ ಖಾತೆಯಿಂದ ತಾನಾಗಿ ಕಟ್ ಆಗುವಂತೆ ಮಾಡುವಾಗಲೂ ಕನಿಷ್ಠ ಪಾವತಿ, ಪೂರ್ತಿ ಬಾಕಿ ಎಂಬ ಎರಡೇ ಆಯ್ಕೆ ಎದುರಿಗೆ ಬರುವುದುಂಟು. ಆತುರದಲ್ಲಿ ಮೊದಲನೆಯದನ್ನು ಒತ್ತಿ ನಿಶ್ಚಿಂತರಾಗುವವರು ಬಹಳ ಜನ. ತಿಂಗಳು ತಿಂಗಳೂ ಉಳಿದ ಬಾಕಿಯ 5% ಮಾತ್ರ ಕಟ್ಟಿದರೆ ವರ್ಷದ ಕೊನೆಗೆ ಇನ್ನೂ 54 ಬಾಕಿ ಇರುತ್ತದೆ. ಆಗ ಕಾರ್ಡಿನ ನಿಜವಾದ ಬಡ್ಡಿ ಶುರು. ತಿಂಗಳಿಗೆ 3% ಇದ್ದರೆ ಮೊದಲ ತಿಂಗಳೇ 1.62 ಬಡ್ಡಿ. ಕಾರು ಅಷ್ಟೊತ್ತಿಗೆ ಒಂದು ವರ್ಷ ಇನ್ನೂ ಹಳೆಯದಾಗಿರುತ್ತದೆ.

ಒಂದು ತಿಂಗಳು ಕಟ್ಟುವುದು ತಪ್ಪಿದರೆ ಕೊಡುಗೆಯೇ ರದ್ದಾಗುವ ಷರತ್ತೂ ಇರಬಹುದು. ಕೆಲವು ಯೋಜನೆಗಳು ಇನ್ನೂ ಕಠಿಣ. ಅವುಗಳಲ್ಲಿ ಬಡ್ಡಿ ಮನ್ನಾ ಆಗಿರುವುದಿಲ್ಲ, ಸುಮ್ನೆ ಪಕ್ಕಕ್ಕೆ ಬರೆದಿಟ್ಟಿರುತ್ತಾರೆ. ಅವಧಿ ಮುಗಿದ ದಿನ ಚಿಲ್ಲರೆ ಬಾಕಿ ಉಳಿದರೂ ಮೊದಲ ದಿನದಿಂದ ಬಡ್ಡಿ ಹಾಕಿ ಒಟ್ಟಿಗೆ ವಸೂಲಿ ಮಾಡುತ್ತಾರೆ. ಷರತ್ತುಗಳಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಹುಡುಕಿ ಓದಿ.

ಇನ್ನು ಶುಲ್ಕ. ದೊಡ್ಡ ಮೊತ್ತಕ್ಕೆ ಕಾರ್ಡ್ ಉಜ್ಜಿದರೆ ಕೆಲವು ಡೀಲರ್‌ಗಳು 2-3% ಜಾಸ್ತಿ ಕೇಳುತ್ತಾರೆ. ಸಾಲ ತೆಗೆದರೆ ಬಡ್ಡಿ 10%, ಇಲ್ಲಿ ಶುಲ್ಕ ಬರೀ 3%, ಆದರೂ ಲಾಭ ಎಂದು ಮನಸ್ಸು ಹೇಳುತ್ತದೆ. ಇಲ್ಲೇ ಲೆಕ್ಕ ತಪ್ಪುವುದು. ವಾರ್ಷಿಕ 10% ಬಡ್ಡಿಗೆ 100 ಸಾಲ ತೆಗೆದು 12 ಸಮಾನ ಕಂತಿನಲ್ಲಿ ತೀರಿಸಿದರೆ ನೀವು ಕಟ್ಟುವ ಒಟ್ಟು ಬಡ್ಡಿ ಸುಮಾರು 5.5, ಹತ್ತಲ್ಲ. ಪ್ರತಿ ಕಂತಿಗೂ ಅಸಲು ಕರಗುತ್ತಾ ಹೋಗುತ್ತದಲ್ಲ, ಅದಕ್ಕೆ. ಅಂದರೆ 3 ಶುಲ್ಕ ಕೊಟ್ಟ ಮೇಲೆ ನಿಮಗೆ ಉಳಿಯುವುದು 2.5. ಅಷ್ಟಕ್ಕಾಗಿ ವರ್ಷವಿಡೀ ತಾರೀಕು ಕಾಯಬೇಕಾ ಎನ್ನುವುದು ನಿಮಗೆ ಬಿಟ್ಟಿದ್ದು. ನಾನಾದರೆ ಶುಲ್ಕ ಬಿಡುವಂತೆ ಚೌಕಾಸಿ ಮಾಡುತ್ತೇನೆ. ಒಪ್ಪದಿದ್ದರೆ ಮುಂಗಡವನ್ನಷ್ಟೇ ಕಾರ್ಡಿನಲ್ಲಿ ಕೊಡುತ್ತೇನೆ.

ಮಾಲೀಕರಿಂದ ನೇರವಾಗಿ ಕೊಳ್ಳುವುದಾದರೆ ಅವರ ಹತ್ತಿರ ಕಾರ್ಡ್ ಮಷೀನು ಎಲ್ಲಿರುತ್ತದೆ? ಹಾಗಂತ ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದು ಕೊಡಲು ಹೋಗಬೇಡಿ. ಸೊನ್ನೆ ಬಡ್ಡಿ ಸಾಮಾನ್ಯವಾಗಿ ನಗದಿಗೆ ಅನ್ವಯಿಸುವುದಿಲ್ಲ. ತೆಗೆದ ದಿನದಿಂದಲೇ ಬಡ್ಡಿ, ಮೇಲೊಂದು ಶುಲ್ಕ.

ಕಾರ್ಡಿನಿಂದ ಲಾಭವೂ ಇದೆ. ಕಾರು ಸಾಲದಲ್ಲಿ ಸಾಮಾನ್ಯವಾಗಿ ಸಾಲ ತೀರುವವರೆಗೆ ಗಾಡಿ ಅಡಮಾನದಲ್ಲಿರುತ್ತದೆ. ಕಾರ್ಡಿನಲ್ಲಿ ಕೊಂಡರೆ ಕಾರು ಪೂರ್ತಿ ನಿಮ್ಮದೇ, ಬೇಡವೆಂದರೆ ನಾಳೆಯೇ ಮಾರಬಹುದು. ಡೀಲರ್ ಹಣ ತೆಗೆದುಕೊಂಡು ಗಾಡಿ ಕೊಡದಿದ್ದರೆ, ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ, ಕಾರ್ಡ್ ಕಂಪನಿಗೆ ದೂರು ಕೊಟ್ಟು ಹಣ ವಾಪಸ್ ಕೇಳುವ ದಾರಿಯೂ ಇದೆ. ಅದಕ್ಕೆ ಕಾಲಮಿತಿ ಇರುತ್ತದೆ, ರಸೀದಿಗಳನ್ನು ಇಟ್ಟುಕೊಂಡಿರಿ. ಬ್ರಿಟನ್ನಿನಲ್ಲಂತೂ ಇದಕ್ಕೆ ಕಾನೂನೇ ಇದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡ್‌ಗಿಂತ ಹೆಚ್ಚು ಮತ್ತು 30,000 ಪೌಂಡ್‌ವರೆಗೆ ಬೆಲೆಯ ವಸ್ತುವಿಗೆ ಮಾರಿದವರ ಜೊತೆ ಕಾರ್ಡ್ ಕೊಟ್ಟವರೂ ಹೊಣೆ. ಬೆಲೆಯ ಒಂದು ಭಾಗವನ್ನಷ್ಟೇ ಕಾರ್ಡಿನಲ್ಲಿ ಕೊಟ್ಟಿದ್ದರೂ ಸಾಕು. ಮುಂಗಡ ಮಾತ್ರ ಕಾರ್ಡಿನಲ್ಲಿ ಎಂದೆನಲ್ಲ, ಅಂಥ ಕಡೆ ಅದು ಇನ್ನೂ ಜಾಣತನ.

ಕಾರ್ಡಿನಲ್ಲಿ ಖರ್ಚಿನ ಮಿತಿ ಎಷ್ಟು ಸಿಗುತ್ತದೆ ಎನ್ನುವುದು ಬಹಳ ಸಲ ಕಾರ್ಡ್ ಮಂಜೂರಾದ ಮೇಲೇ ಗೊತ್ತಾಗುವುದು. ಅದಕ್ಕೂ ಮೊದಲು ಯಾವ ಕಾರಿಗೂ ಮಾತು ಕೊಡಬೇಡಿ. ಸಿಕ್ಕ ಮಿತಿಯನ್ನೆಲ್ಲ ಕಾರಿಗೇ ಸುರಿಯಬೇಡಿ. ಮಿತಿ ತುಂಬಿದ ಕಾರ್ಡ್, ಸಾಲ ಕೊಡುವವರು ನೋಡುವ ನಿಮ್ಮ ಕ್ರೆಡಿಟ್ ಸ್ಕೋರನ್ನೂ ಇಳಿಸಬಹುದು. ಜೊತೆಗೆ ಹಳೇ ಗಾಡಿ ಮನೆಗೆ ಬಂದ ವಾರದಲ್ಲೇ ಬ್ಯಾಟರಿಯೋ ಟೈರೋ ಕೇಳುವುದು ಹೊಸದೇನಲ್ಲ.

ಕಾರ್ಡಿಗೆ ಅರ್ಜಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕಾರಿನ ಬೆಲೆಯನ್ನು 12ರಿಂದ ಭಾಗಿಸಿ. ಬಂದಷ್ಟು ಹಣವನ್ನು ಮೂರು ತಿಂಗಳು, ಸಂಬಳ ಬಂದ ದಿನವೇ, ಬೇರೆ ಖಾತೆಗೆ ಹಾಕಿ ಮರೆತುಬಿಡಿ. ಅದಕ್ಕೆ ಕೈಹಾಕದೆ ಮೂರು ತಿಂಗಳು ಕಳೆದರೆ ಅರ್ಜಿ ಹಾಕಿ. ಕೂಡಿದ್ದೇ ಮುಂಗಡವಾಗುತ್ತದೆ. ಕಾರ್ಡಿಗೆ ಬೀಳುವುದು 100 ಅಲ್ಲ, 75.