ಮಂಡಿ ಕೆಳಗೆ ಗಂಟು: ಮಗನಿಗೆ ಫುಟ್‌ಬಾಲ್ ಬಿಡಿಸಬೇಕಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ವಾರಕ್ಕೆ ನಾಲ್ಕು ದಿನ ಫುಟ್‌ಬಾಲ್ ಕೋಚಿಂಗ್, ಭಾನುವಾರ ಮ್ಯಾಚ್. ಎರಡು ತಿಂಗಳಿಂದ ಮಂಡಿ ಚಿಪ್ಪಿನ ಕೆಳಗೆ ನೋವು ಅಂತಾನೆ. ಅಲ್ಲೊಂದು ಗಂಟೂ ಎದ್ದಿದೆ. ಕೋಚ್ ಕೇಳಿದರೆ ‘ಬೆಳೆಯೋ ವಯಸ್ಸು, ಆಡ್ತಾ ಆಡ್ತಾ ಹೋಗುತ್ತೆ’ ಅಂತಾರೆ. ನಮ್ಮಮ್ಮ ‘ಮೊದಲು ಆಟ ಬಿಡಿಸು’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಅರ್ಧರ್ಧ ಸರಿ. ನೀವು ಹೇಳಿದ್ದು ನೋಡಿದರೆ ಇದು ಆಸ್‌ಗುಡ್-ಶ್ಲಾಟರ್ ಇರಬಹುದು. ಹೆಸರು ಕೇಳಿ ಗಾಬರಿ ಬೇಡ. 1903ರಲ್ಲಿ ಅಮೆರಿಕದ ಆಸ್‌ಗುಡ್, ಸ್ವಿಟ್ಜರ್‌ಲೆಂಡಿನ ಶ್ಲಾಟರ್ ಎಂಬ ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಇದರ ಬಗ್ಗೆ ಬರೆದರು, ಅದಕ್ಕೇ ಈ ಜೋಡಿ ಹೆಸರು. ಓಡುವ, ನೆಗೆಯುವ, ಒದೆಯುವ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ.

ತೊಡೆಯ ಮುಂದಿನ ದೊಡ್ಡ ಸ್ನಾಯು ಮಂಡಿ ಚಿಪ್ಪನ್ನು ದಾಟಿ, ಗಟ್ಟಿ ಹುರಿಯಾಗಿ ಕೆಳಗಿನ ಮೂಳೆಗೆ ಅಂಟಿಕೊಂಡಿರುತ್ತದೆ. ದೊಡ್ಡವರಲ್ಲಿ ಆ ಜಾಗ ಗಟ್ಟಿ, ಮಕ್ಕಳಲ್ಲಿ ಇನ್ನೂ ಮೆತ್ತಗೆ. ಬಾಲ್ ಒದ್ದಾಗಲೆಲ್ಲ ಸ್ನಾಯು ಅದನ್ನು ಎಳೆಯುತ್ತದೆ. ಹಸಿ ಗೋಡೆಗೆ ಮೊಳೆ ಹೊಡೆದು, ಹಗ್ಗ ಕಟ್ಟಿ ದಿನಾ ಜಗ್ಗಿದ ಹಾಗೆ. ಇದರ ಜೊತೆಗೆ ಈ ವಯಸ್ಸಲ್ಲಿ ಮೂಳೆ ಸರಸರ ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಹಗ್ಗ ಇನ್ನೂ ಬಿಗಿಯಾಗುತ್ತದೆ. ಸ್ವಲ್ಪ ಚಿಕ್ಕ ಮಕ್ಕಳಲ್ಲಿ, ಅಂದರೆ 8ರಿಂದ 14ರೊಳಗೆ, ಇದೇ ತರಹದ ಎಳೆತ ಹಿಮ್ಮಡಿಯಲ್ಲಿ ಆಗುತ್ತದೆ. ಅದಕ್ಕೆ ಸೀವರ್ಸ್ ಅಂತಾರೆ.

ಹಾಗಾದರೆ ಕೋಚ್ ಹೇಳಿದ ‘ಬೆಳೆಯೋ ನೋವು’ ಇದೇನಾ? ಅಲ್ಲ. ಆ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ, ಮೀನಖಂಡದಲ್ಲೋ ತೊಡೆಯಲ್ಲೋ, ರಾತ್ರಿ ಹೊತ್ತು ಬರುತ್ತದೆ. ಬೆಳಿಗ್ಗೆ ಎದ್ದರೆ ಮಗು ಏನೂ ಆಗಿಲ್ಲದ ಹಾಗೆ ಓಡುತ್ತದೆ. ಈಗ ಮಗನನ್ನು ಕೂರಿಸಿ, ಆ ಗಂಟಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ. ‘ಅಯ್ಯೋ, ಅಲ್ಲೇ!’ ಅಂತ ಕಾಲು ಎಳೆದುಕೊಂಡರೆ, ಆಡಿದಾಗ ಜಾಸ್ತಿಯಾಗಿ ಬಿಟ್ಟಾಗ ಕಡಿಮೆಯಾದರೆ, ಅದು ಎಳೆತದ ನೋವೇ ಇರಬೇಕು. ಆದರೂ ಎರಡು ತಿಂಗಳಾಗಿದೆ, ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿಬಿಡಿ.

ಆಟ ಪೂರ್ತಿ ಬಿಡಿಸುವುದು ಬೇಕಿಲ್ಲ, ಅಳತೆ ತಗ್ಗಿಸಿ ಸಾಕು. ನಾಲ್ಕು ದಿನದ ಕೋಚಿಂಗ್ ಸ್ವಲ್ಪ ಕಾಲ ಎರಡಾಗಲಿ. ಪಾಸಿಂಗ್ ಮಾಡಲಿ. ಸಾಲಾಗಿ ನಿಂತು ಗೋಲಿಗೆ ಒದೆಯುವುದು, ನೆಗೆಯುವುದು, ಸ್ಪ್ರಿಂಟ್ ಸದ್ಯಕ್ಕೆ ಬೇಡ. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿ. ಮೂರರೊಳಗಿದ್ದು, ಮಾರನೇ ಬೆಳಿಗ್ಗೆ ಹೋಗಿಬಿಟ್ಟರೆ ಅಷ್ಟು ಆಟ ನಡೆಯುತ್ತದೆ. ಕುಂಟಿದರೆ ಅವತ್ತಿನ ಆಟ ಮುಗಿಯಿತು, ಫೈನಲ್ ಆದರೂ ಸರಿ. ನೋವಿನ ಮಾತ್ರೆ ನುಂಗಿಸಿ ಮೈದಾನಕ್ಕೆ ಇಳಿಸುವ ಅಪ್ಪಂದಿರನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಆಟ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ. ತೊಡೆಯ ಸ್ಟ್ರೆಚ್, ಬಲ ಬರುವ ವ್ಯಾಯಾಮಗಳನ್ನು ಫಿಸಿಯೋ ಹತ್ತಿರ ಕಲಿಯಲಿ. ಎಣ್ಣೆ ಹಾಕಿ ಗಂಟನ್ನು ತಿಕ್ಕಿ ಕರಗಿಸುವ ಪ್ರಯತ್ನ ಬೇಡ, ಅದು ಕರಗುವ ಗಂಟಲ್ಲ.

ಇನ್ನೊಂದು ಮಾತು. ಮಕ್ಕಳ ಪಾದ ಹೊರಳಿದಾಗ ನಾವು ಸುಮ್ನೆ ‘ಉಳುಕಿದೆ’ ಅಂತ ನೀವಿಸುತ್ತೇವೆ, ಇಲ್ಲವಾದರೆ ಪುತ್ತೂರು ಕಟ್ಟಿಗೆ ಓಡುತ್ತೇವೆ. ಮಕ್ಕಳಲ್ಲಿ ಮೂಳೆ ಬೆಳೆಯುವ ತುದಿ ಅದರ ಸುತ್ತಲಿನ ನಾರಿಗಿಂತ ದುರ್ಬಲ. ಹೊರಗೆ ಉಳುಕಿನ ಹಾಗೆ ಕಂಡರೂ ಒಳಗೆ ಆ ತುದಿಯೇ ಸೀಳಿರಬಹುದು. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಮೂಳೆ ಮೇಲೆ ಒತ್ತಿದರೆ ನೋವಾದರೆ, ಮೊದಲು ಎಕ್ಸ್‌ರೇ. ಮಂಡಿ ಪೂರ್ತಿ ಊದಿದರೆ, ಮಡಚಲು ಬಿಡಿಸಲು ಆಗದೆ ಸಿಕ್ಕಿಹಾಕಿಕೊಂಡರೆ, ಜ್ವರ ಬಂದರೆ, ನಿದ್ದೆಯಿಂದ ಎಬ್ಬಿಸುವಷ್ಟು ನೋವಿದ್ದರೆ ಆಗಲೂ ಕಾಯಬೇಡಿ. ಈ ವಯಸ್ಸಲ್ಲಿ ಸೊಂಟದ ಕೀಲು ಜಾರಿದರೂ ಕೆಲವೊಮ್ಮೆ ನೋವು ಮಂಡಿಯಲ್ಲೇ ಕಾಣಿಸುತ್ತದೆ. ಮಂಡಿಯಲ್ಲಿ ಏನೂ ಸಿಗದೆ ಮಗು ಕುಂಟುತ್ತಿದ್ದರೆ ಸೊಂಟವನ್ನೂ ನೋಡಿ ಅಂತ ಡಾಕ್ಟರಿಗೆ ಹೇಳಿ. ಇನ್ನು ತಲೆಗೆ ಪೆಟ್ಟು ಬಿದ್ದು ಮಂಕಾದರೆ, ತಲೆ ಸುತ್ತಿದರೆ, ಅವತ್ತು ಮತ್ತೆ ಆಡಿಸುವ ಮಾತೇ ಇಲ್ಲ.

ಮತ್ತೆ ಬರದ ಹಾಗೆ ಏನು ಮಾಡಬಹುದು? ಕೋಚ್ ಹತ್ತಿರ ‘ಫಿಫಾ 11+’ ವಾರ್ಮ್‌ಅಪ್ ಬಗ್ಗೆ ಕೇಳಿ. ಸುಮಾರು 20 ನಿಮಿಷದ್ದು, ಬಾಲ್ ಬಿಟ್ಟರೆ ಬೇರೆ ಸಾಮಾನು ಬೇಕಿಲ್ಲ. 14 ತುಂಬದ ಮಕ್ಕಳಿಗೆ ಬೇರೆಯದೇ ಇದೆ. ಯುರೋಪಿನ ನಾಲ್ಕು ದೇಶಗಳಲ್ಲಿ ಅದನ್ನು ಪರೀಕ್ಷಿಸಿದಾಗ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಎರಡು ಸುತ್ತು ಓಡಿಸಿ ಆಟ ಶುರು ಮಾಡುವುದಕ್ಕಿಂತ ಎಷ್ಟೋ ಮೇಲು. ವಾರದಲ್ಲಿ ಒಂದು ದಿನವಾದರೂ ಪೂರ್ತಿ ರಜೆ ಇರಲಿ. ‘ಮುಂದಿನ ವರ್ಷಕ್ಕೂ ಆಗಲಿ’ ಅಂತ ಒಂದು ಸೈಜ್ ದೊಡ್ಡ ಬೂಟು ಕೊಡಿಸಬೇಡಿ. ಟರ್ಫ್ ಮೇಲೆ ಉದ್ದ ಸ್ಟಡ್ ಬೂಟೂ ಬೇಡ, ಕಾಲು ಕಚ್ಚಿಕೊಂಡು ಮಂಡಿ ತಿರುಚುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ ಪೆನ್ಸಿಲಿನಿಂದ ಎತ್ತರ ಗುರುತು ಹಾಕಿ. ಗೆರೆ ದಿಢೀರ್ ಮೇಲೆ ಹೋಗಿದ್ದರೆ ಆ ಕೆಲವು ತಿಂಗಳು ಆಟ ಸ್ವಲ್ಪ ಕಡಿಮೆ ಇರಲಿ.

ಬೆಳವಣಿಗೆ ಮುಗಿದಾಗ ಆ ಮೆತ್ತನೆ ಜಾಗ ಗಟ್ಟಿಯಾಗುತ್ತದೆ, ಹೆಚ್ಚಿನವರಿಗೆ ನೋವೂ ಹೋಗುತ್ತದೆ. ಗಂಟು ಮಾತ್ರ ಉಳಿಯಬಹುದು. ಮುಂದೆ ಎಂದಾದರೂ ನೆಲದ ಮೇಲೆ ಮಂಡಿಯೂರಿದಾಗ ಸ್ವಲ್ಪ ಚುಚ್ಚುತ್ತದೆ, ಅಷ್ಟೇ.